ತಪ್ಪಿದ ಮಳೆ

ಕೆಲವರಿಗೆ ಸಂಗೀತದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು. ನನಗೆ ಗುಡುಗು ಮಳೆಯ ಹುಚ್ಚು. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ, ಭರಣಿ ಕೃತ್ತಿಕೆಗಳ ದಿನಗಳಲ್ಲಿ, ಚಿತ್ರದುರ್ಗದ ಸೀಮೆಯಲ್ಲಿ ಹಗಲೆಲ್ಲ ಬೆಂದ ನೆಲದ ಮೇಲೆ ಸಂಜೆಗೆ ಮೋಡವೇಳುವ ವೈಭವವನ್ನು ಕಂಡವರು ಈ ಹುಚ್ಚನ್ನು ಕ್ಷಮಿಸಿಯಾರು.

ಒಂದು ಭರಣಿಯ ದಿನ ಸುಮಾರು 4 ಗಂಟೆಗೆ ದುರ್ಗದ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತಿದ್ದೆ. ಆಗ್ನೇಯದಲ್ಲಿ, ಹಿರಿಯೂರಿನ ಕಡೆ, ಬೆಳ್ಳಗಿನ ಮೋಡವೊಂದು ಹಾಲುಕ್ಕಿದಂತೆ ಉಕ್ಕಿ, ತುದಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತು. ಅದರ ಬುಡವೋ, ಕಾಡಿಗೆಯಷ್ಟು ಕಪ್ಪು! ಮೋಟಾರು ಸೈಕಲ್ಲನ್ನು ಹೊರತೆಗೆದೆ. “ಮಳೆ ಬಂದರೆ ಜನ ಮನೆಗೆ ಬರುತ್ತಾರೆ, ನೀವು ಮನೆ ಬಿಟ್ಟು ಹೋಗುತ್ತೀರಿ” ಎಂದಳು ನನ್ನಾಕೆ.

ಐಮಂಗಲ ದಾಟಿದ ಮೇಲೆ ಮಿಂಚೊಂದು ಹೊಳೆಯಿತು. ಎಣಿಸತೊಡಗಿದೆ, 30 ಸೆಕೆಂಡಿಗೆ ಗುಡುಗು ಕೇಳಿಸಿತು. ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಹಿಡಿಯುವುದರಿಂದ, ಮಿಂಚು 10 ಕಿಲೋಮೀಟರು ದೂರದಲ್ಲಿತ್ತು. ಇನ್ನೇನು ಕೈಗೆ ಸಿಕ್ಕಿತೆಂದು ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿ ಹಿಡಿದರೆ, ಕುರಿಮಂದೆಯೊಂದು ಅಡ್ಡವಾಯಿತು. ಅದು ಸರಿಯುವಷ್ಟರಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ಬಡಿದು, ಮಣ್ಣಿನ ವಾಸನೆ ಮೂಗಿಗೆ ತಾಗಿತು. ನಾನು ಹಿಗ್ಗಿದೆ. ಹಿಗ್ಗಬಾರದಾಗಿತ್ತು. ಮಳೆಯೊಡನೆ ಕೆಳಗಿಳಿಯುವ ಆ ತಂಪು ಗಾಳಿಯೇ ನೆಲದ ಮೇಲೆ ಹರಡಿ, ಮೋಡವನ್ನು ಪೋಷಿಸುವ ಬಿಸಿಗಾಳಿಯನ್ನು ಕಡಿದುಹಾಕುತ್ತದೆ. ಒಂಟಿ ಮೋಡವಾದರೆ ಒಂದು ಗಂಟೆಯೊಳಗೇ ಅದರ ಆಯುಸ್ಸು ಮುಗಿಯುವುದುಂಟು. ಸುರಿಸಿದ ಮಳೆಯೇ ಅದಕ್ಕೆ ಮೃತ್ಯು.

ನಾನು ತಲಪಿದಾಗ ಬಿಸಿಲು ಬಿದ್ದಿತ್ತು. ರಸ್ತೆಯ ಬದಿಯಲ್ಲಿ ಕೆನ್ನೀರು ಹರಿಯುತ್ತಿತ್ತು. ಬೇಲಿಯ ನೆರಳಿನಲ್ಲಿ ಒಂದು ಹಿಡಿ ಆಲಿಕಲ್ಲು ಕರಗಿ ಮೆಣಸಿನ ಕಾಳಿನಷ್ಟಾಗಿತ್ತು. ಜಾತ್ರೆ ಮುಗಿದ ಮೇಲೆ ಬಂದವನಂತೆ ಸಪ್ಪೆ ಮೋರೆ ಹಾಕಿ ನಿಂತೆ.

ಬೇಲಿಯಾಚೆ ಬಾಳೆಯ ತೋಟ. ಗೊನೆ ಹೊತ್ತ ಗಿಡಗಳೆಲ್ಲ ಒಂದೇ ದಿಕ್ಕಿಗೆ ಮುರಿದು ಮಲಗಿದ್ದುವು. ನಡುವೆ ನಿಂತಿದ್ದ ಮುದುಕನೊಬ್ಬ ನನ್ನನ್ನು ನೋಡಿ, “ಮಳೆಗೆ ಸಿಕ್ಕಂಡ್ರಾ ಸ್ವಾಮಿ?” ಎಂದು ಕೇಳಿದ.

“ಇಲ್ಲ, ತಪ್ಪಿಹೋಯಿತು” ಎಂದೆ, ಬೇಸರದಿಂದ.

“ಪುಣ್ಯವಂತ್ರು ಬಿಡಿ. ನಮಗೆ ತಪ್ಪಲಿಲ್ಲ.”

ನಾನು ಹೇಳಿದ ತಪ್ಪುವುದು ಬೇರೆ, ಅವನು ತಿಳಿದ ತಪ್ಪುವುದು ಬೇರೆ. ತಿದ್ದಲು ನಾಚಿಕೆಯಾಯಿತು. ತೋಟದೊಳಗೆ ಇಳಿದು, ಪೂರ್ತಿ ಮುರಿಯದೆ ವಾಲಿದ್ದ ಏಳೆಂಟು ಗಿಡಗಳನ್ನು ನಾನು ಎತ್ತಿ ಹಿಡಿದೆ. ಅವನು ಬಿದಿರಿನ ಊರೆ ಕೊಟ್ಟ. ಉಳಿದವುಗಳ ಕಡೆ ಇಬ್ಬರೂ ನೋಡಲಿಲ್ಲ. ಕತ್ತಲಾಯಿತು. ಪೂರ್ವದಲ್ಲಿ ಇನ್ನಾವುದೋ ಮೋಡ ಸದ್ದಿಲ್ಲದೆ ಮಿಂಚುತ್ತಿತ್ತು. ಅದು ಯಾರ ತೋಟದ ಮೇಲೆಯೋ ಎಂದು ಮೊದಲ ಬಾರಿಗೆ ಯೋಚಿಸಿದೆ.

ಮನೆಗೆ ಬಂದಾಗ ಕೈಕಾಲೆಲ್ಲ ಕೆಸರು, ಅಂಗಿಯ ತುಂಬ ಬಾಳೆಯ ಕರೆ. “ಮಳೆ ಸಿಕ್ಕಿತೆ?” ಎಂದಳು ನನ್ನಾಕೆ.

ತಪ್ಪಿತು ಎನ್ನಲು ಬಾಯಿ ಬರಲಿಲ್ಲ.