ಕಳೆಯದೆ ಕಳೆದ ಪುಸ್ತಕಗಳು

ನಮ್ಮ ಶಾಲೆಯ ಪುಸ್ತಕಭಂಡಾರದ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸುವೆವೆಂದು ನಾವು ಹೊರಟದ್ದು 2024ರ ಬೇಸಗೆಯಲ್ಲಿ. ಆರಿಸಿದ ಭಾಷೆ ಸಿ-ಶಾರ್ಪ್; ವಿದ್ಯಾರ್ಥಿಮಿತ್ರರಲ್ಲಿ ಕೆಲವರು ಅದನ್ನು ಬಲ್ಲರು. ಪುಸ್ತಕವೊಂದರ ಸ್ಥಿತಿ ಮೂರೇ ಬಗೆಯೆಂದು ಬಗೆದೆವು: ಕಪಾಟಿನಲ್ಲಿದೆ, ಎರವಲು ಹೋಗಿದೆ, ಬೈಂಡಿಂಗಿಗೆ ಹೋಗಿದೆ. ಹೀಗೆ ಎಣಿಸಿಟ್ಟ ಹೆಸರುಗಳ ಪಟ್ಟಿಗೆ ಎನಮ್ ಎನ್ನುತ್ತಾರೆ. ನಾವು ಬೇರೆ ಹೇಳದಿದ್ದರೆ ಯಂತ್ರವು ಅವಕ್ಕೆ 0, 1, 2 ಎಂದು ತಾನೇ ಅಂಕಿ ಹಚ್ಚುತ್ತದೆ.

ಪುಸ್ತಕದ ಹೆಸರು, ಬೆಲೆ, ಸ್ಥಿತಿ ಎಲ್ಲವನ್ನೂ ಒಂದೇ ಡಿಕ್ಷನರಿಯಲ್ಲಿ ತುಂಬಿದೆವು. ಬಗೆಬಗೆಯ ಸಾಮಾನು ಹಿಡಿಯಬೇಕಾದುದರಿಂದ ಅದರ ಪ್ರತಿಯೊಂದು ಖಾನೆಯೂ ‘ಆಬ್ಜೆಕ್ಟ್’ ಎಂಬ ಪೆಟ್ಟಿಗೆ. ಪೆಟ್ಟಿಗೆಯೊಳಗಿರುವಷ್ಟು ಕಾಲ ಸ್ಥಿತಿಗೆ ತಾನು ಯಾವ ಪಟ್ಟಿಗೆ ಸೇರಿದುದೆಂಬ ನೆನಪಿರುತ್ತದೆ. (ಅಂಥ ಎರಡು ಪೆಟ್ಟಿಗೆಗಳನ್ನು ಸಮಚಿಹ್ನೆಯಿಂದ ಹೋಲಿಸಿದರೆ, ಒಳಗಿನದು ಒಂದೇ ಆದರೂ, ಅಲ್ಲವೆಂದೇ ಉತ್ತರ, ಅದು ನೋಡುವುದು ‘ಇದು ಅದೇ ಪೆಟ್ಟಿಗೆಯೇ’ ಎಂದು. ‘ಈಕ್ವಲ್ಸ್’ ಎಂದು ಕೇಳಬೇಕೆಂದು ತಿಳಿಯಲು ನಮಗೆ ಎರಡು ಸಂಜೆ ಹಿಡಿದವು.) ಆದರೆ ದಿನದ ಕೊನೆಗೆ ಜೇಸನ್ ಕಡತಕ್ಕೆ ಬರೆಯುವಾಗ ಆ ನೆನಪು ಉದುರಿ ಬರಿಯ ಅಂಕಿ ಉಳಿಯುತ್ತಿತ್ತು. ಮರುದಿನ ಓದಿದರೆ ಸಿಕ್ಕುವುದು 2. ಅದರ ಅರ್ಥವನ್ನು ಮತ್ತೆ ಪಟ್ಟಿಯಲ್ಲಿ ಹುಡುಕಬೇಕು.

ಮುಂಬಯಿಯ ಮಳೆಗಾಲದಲ್ಲಿ ಒಂದು ಪುಸ್ತಕ ನಿಜವಾಗಿಯೇ ಕಳೆದುಹೋಯಿತು. ‘ಕಳೆದಿದೆ’ ಎಂಬ ಹೆಸರನ್ನು, ಎರವಲಿನ ನೆರೆಯಲ್ಲಿರಲೆಂದು, ಪಟ್ಟಿಯ ನಡುವೆ ಸೇರಿಸಿದೆವು. 2 ಅದರದಾಯಿತು, ಬೈಂಡಿಂಗು 3ಕ್ಕೆ ಸರಿಯಿತು. ಹಳೆಯ ಕಡತಕ್ಕೆ ಇದು ತಿಳಿಯುವುದೆಂತು? ಬೈಂಡರನ ಬಳಿಯಿದ್ದ 17 ಪುಸ್ತಕಗಳೂ ಒಂದೇ ರಾತ್ರಿಯಲ್ಲಿ ಕಳೆದವು!

ಅವನ್ನು ಕೊನೆಯಲ್ಲಿ ಒಯ್ದಿದ್ದವರನ್ನು ಕರೆಸಿ ಬೆಲೆ ಕೇಳಿದೆವು. ಆರನೆಯ ತರಗತಿಯ ಹುಡುಗನೊಬ್ಬ, “ಸರ್, ಹೊಲಿಗೆ ಬಿಟ್ಟಿದೆ ಎಂದು ನೀವೇ ನನ್ನ ಕೈಯಿಂದ ತೆಗೆದುಕೊಂಡಿರಿ” ಎಂದ. ಯಂತ್ರ ಸುಳ್ಳು ಹೇಳದೆಂದು ನಾವು ಗದರಿದೆವು. ಅವನು ವಾದಿಸಲಿಲ್ಲ, ಮರುದಿನ ಮನೆಯಿಂದ ಹಣ ತಂದು ಮೇಜಿನ ಮೇಲಿಟ್ಟ. ನೋಟುಗಳನ್ನು ನಾವಿನ್ನೂ ಎಣಿಸುತ್ತಿದ್ದೆವು, ಬೈಂಡರನು ಗಂಟು ಹೊತ್ತು ಬಾಗಿಲಲ್ಲಿ ನಿಂತ. ಅವನ ಪುಸ್ತಕ ಎಲ್ಲಕ್ಕಿಂತ ಮೇಲಿತ್ತು.

ಹಣವನ್ನು ಹಿಂದಿರುಗಿಸಿ, ಎಲ್ಲರೆದುರು ಆ ಹುಡುಗನ ಕ್ಷಮೆ ಕೇಳಿದೆವು. ಈಗ ಕಡತದಲ್ಲಿ ಅಂಕಿಯ ಬದಲು ಸ್ಥಿತಿಯ ಹೆಸರನ್ನೇ ಬರೆಸುತ್ತೇವೆ. ಇನ್ನು ಆ ಹೆಸರನ್ನು ಮನಬಂದಂತೆ ಬದಲಿಸುವಂತಿಲ್ಲ, ಅಷ್ಟೆ. ಪಟ್ಟಿಯಲ್ಲಿಯೂ ಅಂಕಿಗಳನ್ನು ನಾವೇ ನಮೂದಿಸಿದ್ದೇವೆ. ನಿಜವಾಗಿ ಕಳೆದ ಪುಸ್ತಕ ಮಾತ್ರ ಇನ್ನೂ ಸಿಕ್ಕಿಲ್ಲ.