ತಿಳಿ ಬಗ್ಗಿಸಿದ ನೀರು

ಮೊನ್ನೆ ತೆರೆದ ಬಾಟಲಿ ನನ್ನ ಮಾನ ಉಳಿಸಿತು. ಹೊಂಬಣ್ಣದ ಬಿಯರು, ಹಾಪ್ಸ್‌ನ ಕಹಿ ನಾಲಿಗೆಗೆ ಚುರುಕಾಗಿ ತಾಗಿ ಅಷ್ಟೇ ಚೊಕ್ಕವಾಗಿ ಇಳಿಯಿತು. ಪ್ರತಿ ಸಲ ಕೊನೆಗೆ ಕಾಡುತ್ತಿದ್ದ ಒಗರು ಇರಲಿಲ್ಲ. ಲಂಡನ್ನಿನ ನಲ್ಲಿ ನೀರಿನಲ್ಲಿ ಇಷ್ಟು ಸಾಧಿಸಲು ನನಗೆ ಮೂರು ಚಳಿಗಾಲ ಹಿಡಿಯಿತು.

ಇಲ್ಲಿಯ ನೀರಿನಲ್ಲಿ ಎಷ್ಟು ಸುಣ್ಣವಿದೆ ಎಂಬುದಕ್ಕೆ ಕೆಟಲಿನ ತಳವೇ ಸಾಕ್ಷಿ. ಇದರಲ್ಲಿ ತೆಳುಬಣ್ಣದ ಮಾಲ್ಟ್ ನೆನೆಹಾಕಿದರೆ ಪಿಎಚ್ 5.2ರಿಂದ 5.6ರ ಹದಕ್ಕೆ ಇಳಿಯುವುದೇ ಇಲ್ಲ. ಸಿಪ್ಪೆಯ ಒಗರೆಲ್ಲ ರಸಕ್ಕೆ ಬಿಟ್ಟುಕೊಳ್ಳುತ್ತದೆ. ಕಪ್ಪಗೆ ಹುರಿದ ಮಾಲ್ಟಿಗೆ ತನ್ನದೇ ಹುಳಿಯಿದೆ, ಅದು ಈ ನೀರನ್ನು ಪಳಗಿಸುತ್ತದೆ. ಲಂಡನ್ನಿನ ಪೋರ್ಟರ್ ಕಪ್ಪು ಬಿಯರು. 1842ರಲ್ಲಿ ಹೊಂಬಣ್ಣದ ಲಾಗರ್ ಹುಟ್ಟಿದ ಪಿಲ್ಸನ್ನಿನದು ಬಲು ಮೆದು ನೀರು.

ನಾನು ಹಿಂದಿನ ರಾತ್ರಿಯೇ ಇಪ್ಪತ್ತೈದು ಲೀಟರ್ ನೀರನ್ನು ಅರ್ಧ ಗಂಟೆ ಕುದಿಸಿಡುತ್ತೇನೆ. ಕುದಿಯುತ್ತ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಮಸುಕಾಗುತ್ತದೆ. ಬೆಳಗಾಗುವಷ್ಟರಲ್ಲಿ ಸುಣ್ಣ ತಳ ಸೇರಿರುತ್ತದೆ. ಪಾತ್ರೆ ಅಲುಗಿಸದೆ ಟ್ಯೂಬಿನಲ್ಲಿ ತಿಳಿಯಷ್ಟನ್ನೇ ಇಳಿಸಿಕೊಂಡು, ತಳದ ಎರಡು ಲೀಟರನ್ನು ಆಸೆಪಡದೆ ಚೆಲ್ಲಬೇಕು. ಅಲ್ಲಿ ಉಳಿದ ಬಿಳಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ್ದೇನೆ, ವಿಭೂತಿಯಷ್ಟು ನುಣುಪು. ಆಮೇಲೆ ತಿಳಿಗೆ ಅರ್ಧ ಚಮಚ ಜಿಪ್ಸಮ್.

‘ಇಷ್ಟೆಲ್ಲ ಯಾಕೆ? ಬರ್ಟನ್ನಿನ ನೀರೂ ಗಡಸೇ. ಅಲ್ಲಿ ಜಗತ್ಪ್ರಸಿದ್ಧ ಪೇಲ್ ಏಲ್ ಆಗಲಿಲ್ಲವೇ?’ ಎನ್ನುವವರಿದ್ದಾರೆ. ವರ್ಷಗಟ್ಟಲೆ ಬಿಯರ್ ಮಾಡಿದವರೂ ಇದನ್ನೇ ಹೇಳುತ್ತಾರೆ. ಬರ್ಟನ್ ಅಪಾನ್ ಟ್ರೆಂಟಿನ ಬಾವಿಗಳಿಗೆ ಹೆಸರು ತಂದದ್ದು ಜಿಪ್ಸಮ್ಮಿನ ಗಡಸುತನ. ಅದು ಕುದಿಸಿದರೆ ಹೋಗುವುದಿಲ್ಲ, ಮಾಲ್ಟಿನ ಜೊತೆ ಸೇರಿ ಪಿಎಚ್ ಇಳಿಸುತ್ತದೆ, ಕಹಿಗೆ ಮೊನಚು ಕೊಡುತ್ತದೆ. ನಮ್ಮ ನಲ್ಲಿಯಲ್ಲಿ ಬರುವ ಬೈಕಾರ್ಬೊನೇಟ್ ಪಿಎಚ್ಚನ್ನು ಮೇಲಕ್ಕೆಳೆಯುತ್ತದೆ. ಹೆಸರೊಂದೇ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಎಂಥ ಸೋಮಾರಿತನ! ನೀರಿನ ವರದಿಯನ್ನು ಪುಕ್ಕಟೆ ಕೊಡುತ್ತಾರೆ, ಓದಲು ಏನು ಕಷ್ಟ? ಇವರ ಮಾತು ನಂಬಿ ಎಷ್ಟು ಹೊಸಬರು ಒಗರು ಬಿಯರನ್ನು ಸಿಂಕಿಗೆ ಸುರಿದಿದ್ದಾರೋ. ಎರಡು ಸಲ ನಾನೂ ಸುರಿದೆ.

ಶಿರಾದ ನಮ್ಮ ಮನೆಯಲ್ಲಿ ಬೋರ್‌ವೆಲ್ ನೀರಿಗೆ ತೊಗರಿಬೇಳೆ ಬೇಯುತ್ತಿರಲಿಲ್ಲ. ಎಷ್ಟು ಹೊತ್ತು ಕುದಿಸಿದರೂ ಹೋಳು ಹೋಳಾಗಿಯೇ ಇರುತ್ತಿತ್ತು. ಅಮ್ಮ ಬೇಳೆಗೆಂದೇ ದೂರದ ಸಿಹಿನೀರ ಬಾವಿಯಿಂದ ಒಂದು ಕೊಡ ಹೊತ್ತು ತರುತ್ತಿದ್ದಳು. ಆ ಕೊಡಕ್ಕೆ ಬೇರೆ ಯಾರೂ ಲೋಟ ಅದ್ದುವಂತಿರಲಿಲ್ಲ.

ಈಗ ಜಿಪ್ಸಮ್ ಬೆರೆಸುವ ಮುಂಚೆ ಎರಡು ಲೋಟ ತಿಳಿ ಎತ್ತಿಡುತ್ತೇನೆ. ಅವತ್ತಿನ ಸಾರಿಗೆ ಬೇಳೆ ಮೂರೇ ವಿಷಲಿಗೆ ಬೆಣ್ಣೆಯಾಗುತ್ತದೆ.