ಬಿಸಿಲು ಇಷ್ಟೈತೆ, ಯೂನಿಟ್ ಎಲ್ಲಿ?

ನರಸಾಪುರದಲ್ಲಿ ಮೊದಲೆಲ್ಲ ಸೋಲಾರ್ ಅಂದರೆ ತಾರಸಿ ಮೇಲೊಂದು ಪುಟ್ಟ ಪ್ಯಾನೆಲ್, ಮೂಲೆಯಲ್ಲೊಂದು ಬ್ಯಾಟರಿ, ಎರಡು ದೀಪ. ಕೆಟ್ಟರೆ ದೀಪ ಹತ್ತುತ್ತಿರಲಿಲ್ಲ, ಅಷ್ಟೇ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಟರ್ಮಿನಲ್ ಮೇಲಿನ ಬಿಳಿ ಪುಡಿ ಉಜ್ಜಿ ತೆಗೆದರೆ ಮುಕ್ಕಾಲು ಪಾಲು ರಿಪೇರಿ ಮುಗಿದಂತೆ. ಆಗ ನನ್ನ ಕಸುಬು ಬೋರ್‌ವೆಲ್ ಮೋಟರುಗಳ ವೈಂಡಿಂಗ್. ಸೋಲಾರ್ ಬಿಡುವಿನ ಕೆಲಸವಾಗಿತ್ತು.

ನಮ್ಮ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವಾಟ್ ಸ್ಥಾವರ ಕಟ್ಟಿ 2010ರ ಹೊತ್ತಿಗೆ ಗ್ರಿಡ್ಡಿಗೆ ಕರೆಂಟು ಕೊಡತೊಡಗಿದಾಗ, ಇದು ಮನೆ ತಾರಸಿಗೂ ಬರುತ್ತದೆ ಎಂದು ನಮಗೆ ಅನಿಸಿರಲಿಲ್ಲ. ಬಂತು. 2014ರ ಸೋಲಾರ್ ನೀತಿಯ ಜೊತೆಗೆ ನೆಟ್ ಮೀಟರ್ ಬಂತು. ಆಗ ಸಬ್ಸಿಡಿ ಇಲ್ಲದ ಘಟಕ ಗ್ರಿಡ್ಡಿಗೆ ಕೊಟ್ಟ ಹೆಚ್ಚುವರಿ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ಇತ್ತು. ಅಷ್ಟರಲ್ಲಿ ಹೋಂಡಾ ಕಾರ್ಖಾನೆ ಶುರುವಾಗಿ ಊರಿನ ಸುತ್ತ ಬಾಡಿಗೆ ಮನೆಗಳು ಎದ್ದಿದ್ದವು. ಒಂದಂತಸ್ತಿದ್ದ ಕಡೆ ಮೂರಂತಸ್ತು, ಮೂರಂತಸ್ತಿನ ಮೇಲೆ ನೀರಿನ ಟ್ಯಾಂಕು. 2024ರಲ್ಲಿ ಸೂರ್ಯ ಘರ್ ಯೋಜನೆ ಬಂದು, 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಅಂದ ಮೇಲೆ ಪ್ಯಾನೆಲ್ ಹಾಕಿಸುವವರು ಇನ್ನೂ ಹೆಚ್ಚಾದರು.

ದೂರಿನ ರೀತಿಯೇ ಬದಲಾಯಿತು. ‘ದೀಪ ಹತ್ತುತ್ತಿಲ್ಲ’ ಅನ್ನುವವರು ಹೋದರು. ಮೊಬೈಲ್ ಹಿಡಿದು ಬಂದು, ‘ಬಿಸಿಲು ಇಷ್ಟೈತೆ, ಯೂನಿಟ್ ಮಾತ್ರ ಬತ್ತಾ ಇಲ್ಲಣ್ಣ’ ಅನ್ನುವವರು ಬಂದರು. ಪೂರ್ತಿ ಕೆಟ್ಟಿದ್ದನ್ನು ಹುಡುಕುವುದು ಸುಲಭ. ಅರ್ಧಂಬರ್ಧ ಕೆಲಸ ಮಾಡುತ್ತಿರುವುದನ್ನು ಹುಡುಕಲು ತಾಳ್ಮೆ ಬೇಕು.

ಒಂದು ಮನೆಯದು ಹೇಳುತ್ತೇನೆ. 540 ವಾಟಿನ ಆರು ಪ್ಯಾನೆಲ್, ಒಂದೇ ಸರಣಿ. ನಮ್ಮ ಕಡೆ ಕಿಲೋವಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಲೆಕ್ಕ, ಅಂದರೆ 12–13 ಬರಬೇಕು. ಸಂಕ್ರಾಂತಿ ಮುಂಚಿನ ವಾರಗಳಲ್ಲಿ ಒಂಬತ್ತು ದಾಟುತ್ತಿರಲಿಲ್ಲ. ಹಾಕಿಸಿದ್ದು ಮೇ ತಿಂಗಳಲ್ಲಿ. ಆಗ ಎಲ್ಲ ಸರಿಯಿತ್ತು. ಯಜಮಾನರು ಪ್ಯಾನೆಲ್ಲೇ ಡೂಪ್ಲಿಕೇಟ್ ಎಂದು ತೀರ್ಮಾನಿಸಿಬಿಟ್ಟಿದ್ದರು. ಬೆಳಗ್ಗೆ ಅಳೆದರೆ ವೋಲ್ಟೇಜು ಸರಿ, ಕ್ಲಾಂಪ್ ಮೀಟರಿನಲ್ಲಿ ಆಂಪಿಯರೂ ಸರಿ. ಮೊಬೈಲಿನಲ್ಲಿ ದಿನದ ಗೆರೆ ನೋಡಿದೆ: ಮಧ್ಯಾಹ್ನ ಒಂದೂವರೆಯ ನಂತರ ಕತ್ತರಿಸಿದಂತೆ ಕೆಳಗಿಳಿಯುತ್ತಿತ್ತು. ಅಲ್ಲೇ ಕೂತು ಕಾದೆ. ವಾಸ್ತು ಪ್ರಕಾರ ನೈಋತ್ಯದಲ್ಲಿ ಎತ್ತರಕ್ಕೆ ಕೂರಿಸಿದ್ದ ಟ್ಯಾಂಕಿನ ನೆರಳು ಈಶಾನ್ಯದ ಕಡೆ ಜಾರುತ್ತ ಬಂದು, ಒಂದಾದ ಮೇಲೊಂದು ಪ್ಯಾನೆಲ್ ಮೇಲೆ ಬಿತ್ತು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ; ಮೇ ತಿಂಗಳಲ್ಲಿ ಆ ನೆರಳು ಪ್ಯಾನೆಲ್ಲಿನ ತಂಟೆಗೇ ಬಂದಿರಲಿಲ್ಲ. ಟ್ಯಾಂಕು ಕದಲಿಸಲು ಮನೆಯವರು ಒಪ್ಪಲಿಲ್ಲ, ಅವರ ನಂಬಿಕೆ ಅವರದು. ಸ್ಟ್ಯಾಂಡನ್ನೇ ಪೂರ್ವಕ್ಕೆ ಸರಿಸಿದೆವು. ಯೂನಿಟ್ ಹನ್ನೆರಡಕ್ಕೆ ಬಂತು.

ಇನ್ನೊಂದು ಬಗೆ ಕಣ್ಣಿಗೆ ಕಾಣುವುದೇ ಇಲ್ಲ. ನಡುಹಗಲಲ್ಲಿ ಲೈನಿನ ವೋಲ್ಟೇಜು 250 ದಾಟಿ ಏರುತ್ತದೆ, 253ರ ಆಸುಪಾಸಿಗೆ ಬಂದರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ನಿಲ್ಲುವುದು. ಒಳ್ಳೆಯ ಬಿಸಿಲೆಲ್ಲ ಹೀಗೇ ಹೋಗುತ್ತದೆ. ಇನ್ವರ್ಟರಿನಿಂದ ಮೀಟರಿಗೆ ಸಣ್ಣ ವೈರನ್ನು ದೂರ ಎಳೆದಿದ್ದರೆ ತೊಂದರೆ ಇನ್ನೂ ಹೆಚ್ಚು. ದಪ್ಪ ಕೇಬಲ್ ಹಾಕಿಸಬೇಕು, ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸಲು ಕೇಳಬೇಕು. ಕರೆಂಟು ಹೋದಾಗಲೂ ಗ್ರಿಡ್ ಇನ್ವರ್ಟರ್ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವಕ್ಕಾಗಿ ಆ ಏರ್ಪಾಡು. ಹಗಲು ಲೋಡ್ ಶೆಡ್ಡಿಂಗ್ ಇರುವ ಹಳ್ಳಿಗಳಲ್ಲಿ ಕಳೆದುಹೋದ ಯೂನಿಟ್ಟಿಗೆ ಪ್ಯಾನೆಲನ್ನು ಬೈಯುವುದು ಅನ್ಯಾಯ.

ಕೋಲಾರದ ಗಡಸು ನೀರನ್ನೂ ಹೇಳಲೇಬೇಕು. ಹೆದ್ದಾರಿಯ, ಕ್ವಾರಿಯ ಧೂಳು ಹೋಗಲಿ ಎಂದು ಜನ ಬೋರ್‌ವೆಲ್ ನೀರು ಎರಚುತ್ತಾರೆ. ಕಾದ ಗಾಜಿನ ಮೇಲೆ ಅದು ಆರಿ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಉಜ್ಜಿದರೂ ಬಿಡುವುದಿಲ್ಲ. ಬೆಳಗಿನ ತಂಪಿನಲ್ಲಿ, ಹಿಡಿದಿಟ್ಟ ಮಳೆ ನೀರಿನಲ್ಲಿ ತೊಳೆಯಬೇಕು. ಹಾಗೆಯೇ ಸುಡುಬಿಸಿಲಿಗೆ ಹೆಚ್ಚು ಯೂನಿಟ್ ಎನ್ನುವುದು ತಪ್ಪು ಎಣಿಕೆ. ಪ್ಯಾನೆಲ್ 60 ಡಿಗ್ರಿ ಕಾದರೆ ಶಕ್ತಿ ನೂರಕ್ಕೆ ಹನ್ನೆರಡರಿಂದ ಹದಿನಾಲ್ಕರಷ್ಟು ಇಳಿಯುತ್ತದೆ.

ಹಾಕಿಸುವವರಲ್ಲಿ ನನ್ನ ಕೇಳಿಕೆ ಇಷ್ಟು. ಟ್ಯಾಂಕು, ಪಕ್ಕದ ಮನೆ, ತೆಂಗಿನ ಮರದ ನೆರಳು ಡಿಸೆಂಬರ್‌ನಲ್ಲಿ ಎಲ್ಲಿ ಬೀಳುತ್ತದೆ ಎಂದು ಮೊದಲೇ ಕೇಳಿ. ಚಾಲೂ ಮಾಡಿದ ದಿನವೇ ಸರಣಿಯ ವೋಲ್ಟೇಜು, ಆಂಪಿಯರು ಬರೆಸಿಕೊಳ್ಳಿ. ಪ್ರತಿ ತಿಂಗಳ ಒಂದನೇ ತಾರೀಕು ಮೀಟರ್ ರೀಡಿಂಗ್ ಗುರುತು ಹಾಕಿ. ಅನುಮಾನ ಬಂತೆಂದು ಬಿಸಿಲಿನಲ್ಲಿ ಕನೆಕ್ಟರ್ ಕೀಳಲು ಹೋಗಬೇಡಿ. ಸುಮಾರು 300 ವೋಲ್ಟ್ ಡಿಸಿ ಇರುತ್ತದೆ, ಜೀವಕ್ಕೆ ಅಪಾಯ. ಬರೆದಿಟ್ಟ ಪುಸ್ತಕ ತಂದು ತೋರಿಸಿ, ಅಲ್ಲಿಂದ ಮುಂದೆ ನಾವು ನೋಡಿಕೊಳ್ಳುತ್ತೇವೆ.